ತಪ್ಪಾಯಿತು ಎನ್ನದ ಶಾಂತಕ್ಕ

ಗೌರಿ, ಚೇತನ, ನಿಮಗೆ ಶಾಂತಕ್ಕನ ವಿಷಯ ಹೇಳಬೇಕು. ಎದುರು ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ಯಾವ ಸುದ್ದಿ ಕೇಳಿದರೂ ಶಾಂತಕ್ಕ ಕನ್ನಡಕವನ್ನು ಹಣೆಗೇರಿಸಿ, "ನೀ ನೋಡಿದ್ಯಾ ಮಾರಾಯ್ತಿ, ಇಲ್ಲಾ ಯಾರೋ ಅಂದ್ರಾ?" ಎನ್ನುತ್ತಿದ್ದರು. ಅವರು ಬಾವಿಕಟ್ಟೆಗೆ ಬಂದರೆ ಹೆಂಗಸರು ಮಾತನ್ನು ಸಾರಿನ ಕಡೆಗೆ ತಿರುಗಿಸುತ್ತಿದ್ದರು. ಆಗ ನಾವಿದ್ದ ದುರ್ಗಿಗುಡಿ ಬಡಾವಣೆಯಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿದ್ದರು. ಮದುವೆಯಾಗಿರಲಿಲ್ಲ, ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಸಂಜೆ ದೇವರಿಗೆ ದೀಪ ಹಚ್ಚುವುದನ್ನು ಎಂದೂ ತಪ್ಪಿಸಿದವರಲ್ಲ. ಹಳ್ಳಿ ಶಾಲೆ ಕಲಿತು ಬಂದ ನನಗೆ ಪತ್ರಿಕೆ ಓದುವ ರುಚಿ ಹತ್ತಿಸಿದವರೂ ಅವರೇ.

ನನ್ನ ಮಗಳು, ಅಂದರೆ ನಿಮ್ಮ ಅಮ್ಮ, ಎರಡು ವರ್ಷದವಳಿದ್ದಾಗ ಜ್ವರ ಬಂದು ಇಳಿಯಲೇ ಇಲ್ಲ. ಆಗ ಊರಿಗೊಬ್ಬ ಸ್ವಾಮಿ ಬಂದಿದ್ದ. ರೋಗಿಯ ಕೈಗೆ ಅರಿಶಿನ ಹಚ್ಚಿ, ತಟ್ಟೆಯ ತಿಳಿನೀರಿನಲ್ಲಿ ಅದ್ದಿಸುತ್ತಿದ್ದ. ನೀರು ರಕ್ತದಂತೆ ಕೆಂಪಾಗುತ್ತಿತ್ತು. ದೋಷ ಇಳಿಯಿತು, ಇನ್ನು ಔಷಧಿ ಮುಟ್ಟಕೂಡದು ಎನ್ನುತ್ತಿದ್ದ. ನಮ್ಮ ಅತ್ತೆ ರುದ್ರಮ್ಮ ಡಾಕ್ಟರು ಕೊಟ್ಟ ಔಷಧಿಯನ್ನು ಬಚ್ಚಲಿಗೆ ಸುರಿದು ನಮ್ಮನ್ನು ಅಲ್ಲಿಗೆ ಹೊರಡಿಸಿದರು. ಶಾಂತಕ್ಕ ಛತ್ರಿ ಹಿಡಿದು ಹಿಂದೆಯೇ ಬಂದರು.

ಮಗುವಿನ ಕೈ ಅದ್ದಿದರು. ನೀರು ಕೆಂಪಾಯಿತು. ಎಲ್ಲರೂ ಕೈಮುಗಿದರು. ಶಾಂತಕ್ಕ ಮಾತ್ರ, "ರುದ್ರಮ್ಮನೋರೇ, ಹಬ್ಬದ ದಿನ ಆರತಿ ನೀರಿಗೆ ಏನ್ ಹಾಕ್ತೀರಿ?" ಎಂದರು.

"ಇನ್ನೇನ್ ಹಾಕ್ತಾರೆ? ಅರಿಶಿನ, ಸುಣ್ಣ."

"ಇಲ್ಲೂ ಅಷ್ಟೇ. ತಟ್ಟೇಲಿರೋದು ಸುಣ್ಣದ ತಿಳಿ."

ಮರುಗಳಿಗೆಯಲ್ಲಿ ಛತ್ರಿಯ ಹಿಡಿಗೆ ಅರಿಶಿನ ಬಳಿದು ಇನ್ನೊಂದು ತಟ್ಟೆಗೆ ಅದ್ದಿದರು. ಅದೂ ಕೆಂಪಾಯಿತು. "ಪಾಪ, ನನ್ನ ಛತ್ರಿಗೂ ಜ್ವರ ಇತ್ತು ಅನ್ಸತ್ತೆ!"

ಯಾರೂ ನಗಲಿಲ್ಲ. "ದೇವರ ನಿಂದನೆ ಮಾಡ್ತಾಳೆ, ಹೊಡೀರಿ!" ಎಂದು ಯಾರೋ ಕೂಗಿದರು. ಬಾಗಿಲು ದಾಟುವಷ್ಟರಲ್ಲಿ ಶಾಂತಕ್ಕನ ಹಣೆಗೆ ಕಲ್ಲು ಬಿತ್ತು. ರಕ್ತ ಒರೆಸಿಕೊಳ್ಳುತ್ತಲೇ ನನ್ನತ್ತ ತಿರುಗಿ, "ನಿಂತ್ಕೋಬೇಡ, ಆಸ್ಪತ್ರೆಗೆ ಹೋಗು!" ಎಂದರು. ನಾನು ಮಗುವನ್ನು ಅವುಚಿಕೊಂಡು ಸೀದಾ ನಡೆದೆ. ಮನೆಯಲ್ಲಿ ಯಾರನ್ನೂ ಕೇಳದೆ ನಾನು ಮಾಡಿದ ಮೊದಲ ಕೆಲಸ ಅದು. ವಿಷಮಶೀತ ಜ್ವರ ಎಂದರು ಡಾಕ್ಟರು. ಮಗು ಉಳಿಯಿತು.

ಸ್ವಾಮಿಯ ಭಕ್ತರು ಶಾಲೆಗೆ ಹೋಗಿ ಗಲಾಟೆ ಮಾಡಿದರು. ಶಾಲೆಯ ಕಾರ್ಯದರ್ಶಿ ಶಾಂತಕ್ಕನ ಮನೆಗೇ ಬಂದು, "ಜನರ ಮುಂದೆ ಒಂದ್ಸಲ ತಪ್ಪಾಯ್ತು ಅಂದ್ಬಿಡಿ ಟೀಚರ್, ಕೆಲಸ ಉಳಿಯತ್ತೆ" ಎಂದರು. ನಮ್ಮ ಜಗಲಿಗೆ ಎಲ್ಲವೂ ಕೇಳುತ್ತಿತ್ತು.

"ಯಾವುದು ತಪ್ಪು ಅಂತ ತೋರ್ಸಿ ಸಾರ್, ಆಮೇಲೆ ಅಂತೀನಿ."

ಕೆಲಸ ಹೋಯಿತು. ಮನೆ ಮಾಲೀಕರು ಮನೆ ಬಿಡಿಸಿದರು. ಹಣೆಯ ಪಟ್ಟಿ ಬಿಚ್ಚುವ ಮೊದಲೇ ಶಾಂತಕ್ಕ ಜಟಕಾ ಗಾಡಿಗೆ ಸಾಮಾನು ಹೇರಿಸಿ ಭದ್ರಾವತಿಗೆ ಹೋದರು. ಅಲ್ಲಿ ಕಾರ್ಖಾನೆ ಕೆಲಸಗಾರರ ಮಕ್ಕಳಿಗೆ ಜಗಲಿಯಲ್ಲಿ ಪಾಠ ಹೇಳಿ ಬದುಕಿದರು.

ನಿಮ್ಮ ಅಮ್ಮ ಶಾಲೆಗೆ ಸೇರಿದ ವರ್ಷ ಅವಳನ್ನು ಭದ್ರಾವತಿಗೆ ಕರೆದುಕೊಂಡು ಹೋಗಿ ಅವರಿಗೆ ತೋರಿಸಿದೆ. ಶಾಂತಕ್ಕ ಸೊರಗಿದ್ದರು. ಅವಳಿಂದ ಮಗ್ಗಿ ಹೇಳಿಸಿ, ಬೆಲ್ಲ ಕೊಟ್ಟರು. "ಆವತ್ತು ಹೆದರಿಕೆ ಆಗ್ಲಿಲ್ವಾ ಅಕ್ಕಾ?" ಎಂದೆ.

"ಆಗದೆ ಏನು? ಈಗ್ಲೂ ಆಗ್ತಿದೆ. ಇಲ್ಲಿಗೂ ಒಬ್ಬ ಬಂದಿದ್ದಾನೆ, ತೆಂಗಿನಕಾಯಿಂದ ಬೆಂಕಿ ತರಿಸ್ತಾನಂತೆ. ನಿಮ್ಮನ್ನ ಬಸ್ ಹತ್ತಿಸಿ ಅಲ್ಲಿಗೇ ಹೋಗ್ಬೇಕು."

ಹಾಗೆಯೇ ಹೋದರು. ಬಸ್ಸಿನ ಕಿಟಕಿಯಿಂದ ಅವರ ಬೆನ್ನು ಸ್ವಲ್ಪ ಹೊತ್ತು ಕಂಡಿತು. ಮರುವರ್ಷ ಕಾಯಿಲೆಯಲ್ಲಿ ತೀರಿಕೊಂಡರೆಂದು ಸುದ್ದಿ ಬಂತು.

ಮಕ್ಕಳೇ, ಈ ಹಾಳೆಗಳು ರದ್ದಿಗೆ ಹೋಗದ ಹಾಗೆ ನೋಡಿಕೊಳ್ಳಿ. ಶಾಂತಕ್ಕನಿಗೆ ಮೊಮ್ಮಕ್ಕಳೆಂದು ಇರುವುದು ನೀವೇ.