ಅವ್ವ ಬೆಳಗಿದ ಗಡಿಯಾರ

ನಮ್ಮ ಮನೆತನದ ಆಳೆತ್ತರ ಮೀರಿದ ಗಡಿಯಾರವನ್ನು ಹೋದ ವರ್ಷ ಮಾರಿದೆವು. ಮಾರಿದೆವು ಅನ್ನುವುದು ದೊಡ್ಡ ಮಾತು. ಕಟ್ಟಿಗೆಯ ಬೆಲೆಗೆ ಕೊಟ್ಟು ಕಳಿಸಿದೆವು.

ಅದನ್ನು ಅಜ್ಜ ಕೊಂಡದ್ದು ಯಾವುದೋ ಇಂಗ್ಲಿಷ್ ಸಾಹೇಬನ ಬಂಗಲೆಯ ಲಿಲಾವಿನಲ್ಲಿ. ಸವಣೂರಿನಲ್ಲಿ ಅಜ್ಜನದು ಅರಳೆ ವ್ಯಾಪಾರ. ಗಡಿಯಾರವನ್ನು ಅರಳೆಯಲ್ಲೇ ಸುತ್ತಿ, ರೈಲಿನಲ್ಲಿ ಯಲವಿಗಿಗೆ ತಂದು, ಅಲ್ಲಿಂದ ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದನಂತೆ. ದಾರಿಯಲ್ಲಿ ಜನ ಹೆಣವೆಂದು ತಿಳಿದು ಕೈ ಮುಗಿದರು ಎಂದು ಹೇಳಿ ನಗುತ್ತಿದ್ದ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುವ ಗಾದೆಯನ್ನು ಅವನು ಆ ಗಡಿಯಾರಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸಿದ್ದು ನಾನು ಕೇಳಿಲ್ಲ.

ಆ ಮಾತನ್ನು ಮನೆಯಲ್ಲಿ ಪೂರ್ತಿ ನಂಬಿದವಳು ಅವನ ಸೊಸೆ ಒಬ್ಬಳೇ, ನನ್ನವ್ವ. ನಮ್ಮ ಅರಳೆ ಅಂಗಡಿ ಕುಸಿದ ಕಾಲದಲ್ಲಿ ಒತ್ತೆ ಹೋದ ಅವಳ ತವರಿನ ಬಂಗಾರ ಮರಳಿ ಬರಲಿಲ್ಲ. ಅಪ್ಪ ತೀರಿಕೊಂಡು ಪಾಲಾಗುವಾಗ, ನಿನಗೇನು ಬೇಕು ಎಂದು ನನ್ನ ಅಣ್ಣಂದಿರಿಬ್ಬರು ಅವ್ವನನ್ನು ಬಾಯಿಮಾತಿಗೆ ಕೇಳಿದರು. ಗಡಿಯಾರ ಸಾಕು ಅಂದಳು. ಅವರಿಬ್ಬರ ಮುಖದಲ್ಲಿ ಮೂಡಿದ ನೆಮ್ಮದಿ ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಎಂದಿನಂತೆ ಬಾಯಿ ಮುಚ್ಚಿಕೊಂಡಿದ್ದೆ. ನಾನು ಹಿರೇಕೆರೂರಿನಲ್ಲಿ ಸಾಲಿ ಮಾಸ್ತರ. ಅವ್ವನನ್ನೂ ಗಡಿಯಾರವನ್ನೂ ಒಂದೇ ಟೆಂಪೋದಲ್ಲಿ ಕರೆತಂದೆ. ಬಾಡಿಗೆ ಮನೆಯ ಛಾವಣಿ ತಗ್ಗು. ಗಡಿಯಾರದ ನೆತ್ತಿಯ ಕೆತ್ತನೆ ಬಿಚ್ಚಿ ಮಂಚದ ಕೆಳಗಿಡಬೇಕಾಯಿತು.

ನಮ್ಮಲ್ಲಿ ಅಮಾವಾಸ್ಯೆಗೊಮ್ಮೆ ತಕ್ಕಡಿ, ಪೆಟ್ಟಿಗೆ, ದೇವರ ಸಾಮಾನು ಎಲ್ಲದಕ್ಕೂ ಪೂಜೆ. ಗಡಿಯಾರಕ್ಕೂ ವಿಭೂತಿ. ಪೂಜೆಗೆ ಮೊದಲು ಮನೆಯ ತಾಮ್ರ ಹಿತ್ತಾಳೆಯನ್ನೆಲ್ಲ ಬೆಳಗಬೇಕು, ಗಡಿಯಾರದ ಮುಖವೂ ಹಿತ್ತಾಳೆಯೇ. ಅವ್ವ ಗಾಜಿನ ಕದ ತೆಗೆದು ಹುಣಸೆಹುಳಿ, ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಎಷ್ಟೋ ಸಲ ನಾನೂ ತಿಕ್ಕಿದ್ದೇನೆ. ಅಂಕಿಗಳು ಮಾಸುತ್ತಿವೆ ಎಂದು ಯಾರಿಗೂ ಅನ್ನಿಸಲಿಲ್ಲ. ಮುಳ್ಳು ನಿಂತ ಜಾಗ ನೋಡಿಯೇ ಹೊತ್ತು ಹೇಳುವುದು ನಮಗೆಲ್ಲ ರೂಢಿಯಾಗಿತ್ತು.

ನನ್ನ ಮಗಳ ಮದುವೆ ಗೊತ್ತಾದಾಗ ಅವ್ವನೇ ಮಾರುವ ಮಾತೆತ್ತಿದಳು. ಮೊಮ್ಮಗಳ ಕೊರಳಿಗೆ ಒಂದೆಳೆ ಬಂಗಾರದ ಸರ ಹಾಕಬೇಕು, ಅದು ಮಗನ ದುಡ್ಡಿನದಾಗಬಾರದು.

"ಇಷ್ಟ ವರ್ಷ ನನ್ನ ಕೈಯಾಗ ನಂದು ಅಂತ ಏನೂ ಇರಲಿಲ್ಲೋ. ಈಗ ಅದೊಂದೈತಿ," ಅಂದಳು.

ಹಾನಗಲ್ಲಿನ ಒಬ್ಬರಿಗೆ, ಶಿಗ್ಗಾಂವಿಯ ಇನ್ನೊಬ್ಬರಿಗೆ ಫೋಟೋ ಕಳಿಸಿದೆ. ಒಬ್ಬರು ಮನೆಯಲ್ಲಿ ಜಾಗವಿಲ್ಲ ಎಂದರು, ಇನ್ನೊಬ್ಬರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಹುಬ್ಬಳ್ಳಿಯಿಂದ ಹಳೆಯ ಸಾಮಾನು ಕೊಳ್ಳುವವನೊಬ್ಬ ಬಂದ. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಟಾರ್ಚು ಬಿಟ್ಟು, ಭೂತಗನ್ನಡಿ ಹಿಡಿದು ಗಡಿಯಾರದ ಮುಖದಲ್ಲಿ ಬಹಳ ಹೊತ್ತು ಏನನ್ನೋ ಹುಡುಕಿದ. ಇದನ್ನು ಯಾರು ತಿಕ್ಕುತ್ತಿದ್ದರು ಎಂದು ಕೇಳಿದ. ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ನಾನ ರೀ. ಐವತ್ತ ವರ್ಷ ಆತು, ಒಂದ ಅಮಾಸಿ ತಪ್ಪಿಸಿಲ್ಲ."

ಅವನು ಚಹಾ ಕುಡಿದು, ನನ್ನನ್ನು ಹೊರಗಿನ ಕಟ್ಟೆಯ ಹತ್ತಿರ ಕರೆದು, ದನಿ ತಗ್ಗಿಸಿದ.

"ಮಾಡಿದವರ ಹೆಸರು, ಊರು ಮುಖದ ಮ್ಯಾಲ ಕೊರದಿರತಾರ್ರಿ. ಬೆಲಿ ಇರೂದು ಅದಕ್ಕ. ಇದರಾಗ ತಿಕ್ಕಿ ತಿಕ್ಕಿ ಹೆಸರ ಹೋಗೇತಿ. ನನಗ ಬರೇ ಕಟ್ಟಿಗಿ ಉಪಯೋಗ ನೋಡ್ರಿ."

ಯಾವುದೋ ಹೋಟೆಲಿನವರಿಗೆ ಬಾಟಲಿ ಜೋಡಿಸುವ ಕಪಾಟು ಬೇಕಾಗಿತ್ತಂತೆ, ಅದಕ್ಕೆ ಆಗುತ್ತದಂತೆ. ಬೇಡ ಅನ್ನಬೇಕಿತ್ತು. ಮದುವೆ ಹತ್ತಿರ ಬಂದಿತ್ತು, ಹೂಂ ಅಂದೆ. ಒಳಗೆ ಹೋಗಿ, ಇಷ್ಟುದ್ದದ ಗಡಿಯಾರ ಈಗಿನವರಿಗೆ ಬೇಡವಂತೆ, ಅದಕ್ಕೇ ರೇಟಿಲ್ಲ ಎಂದು ಅವ್ವನಿಗೆ ಹೇಳಿದೆ. ಅವಳು ಕಟ್ಟೆಯತ್ತ ತೆರೆದ ಕಿಟಕಿಯ ಹತ್ತಿರ ಚಹಾದ ಕಪ್ಪು-ಬಸಿ ತೊಳೆಯುತ್ತಿದ್ದಳು. ಹೌದೇನು ಅಂದಳು, ಅಷ್ಟೇ. ಸುಳ್ಳು ದಕ್ಕಿತು ಅಂದುಕೊಂಡೆ. ಮಾಡಿದ್ದುಣ್ಣೋ ಮಹಾರಾಯ ಅನ್ನುವುದನ್ನು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಅವ್ವ ಮಾಡಿದ್ದಾದರೂ ಏನು, ಪೂಜೆ ತಾನೆ?

ಬಂದ ದುಡ್ಡಿಗೆ ಒಂದು ಜೊತೆ ಬೆಳ್ಳಿ ಗೆಜ್ಜೆ ಬಂದವು. ಮದುವೆಯ ದಿನ ಅತ್ತಿಗೆಯಂದಿರು ಮಗಳ ಕೊರಳಿಗೆ ತಮ್ಮ ತಮ್ಮ ಬಂಗಾರ ಹಾಕುವಾಗ ಅವ್ವ ಮಂಡಿಯೂರಿ ಕೂತು ಅವಳ ಕಾಲಿಗೆ ಗೆಜ್ಜೆ ತೊಡಿಸಿದಳು. ಅದನ್ನು ನೋಡಲಾಗದೆ ಊಟದ ಪಂಕ್ತಿ ನೋಡುವ ನೆವ ಮಾಡಿ ಎದ್ದು ಹೋದೆ.

ಮುಂದಿನ ಅಮಾವಾಸ್ಯೆಗೆ ಅವ್ವ ಹುಣಸೆಹಣ್ಣು ನೆನೆಹಾಕಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ತವರಿನಿಂದ ತಂದಿದ್ದ ತಾಮ್ರದ ಕೊಡ ಕಪ್ಪಿಟ್ಟಿತ್ತು. ವಯಸ್ಸಾಯಿತು, ಕೈಲಾಗುತ್ತಿಲ್ಲ ಎಂದುಕೊಂಡು ನಾನೇ ಹುಳಿ ಹಿಂಡಿಕೊಂಡು ಬೆಳಗಲು ಕೂತೆ. ಅವ್ವ ಬಂದು ನನ್ನ ಕೈಯಿಂದ ಕೊಡ ತೆಗೆದುಕೊಂಡಳು. ಮದುವೆಯ ಪಾತ್ರೆಗಳಿಗೆಲ್ಲ ಕೊರೆಸುವ ಹಾಗೆ ಅದರ ಕೊರಳ ಕೆಳಗೂ ಅವಳ ಹೆಸರು ಕೊರೆಸಿದ್ದರು. ಅರ್ಧ ಅಕ್ಷರಗಳು ಆಗಲೇ ಸವೆದಿದ್ದವು. ಅವುಗಳ ಮೇಲೆ ಒಮ್ಮೆ ಬೆರಳಾಡಿಸಿದಳು.

"ಬ್ಯಾಡ. ತಿಕ್ಕಿದ್ರ ಹೆಸರ ಹೋಗತೈತಿ," ಅಂದಳು.