ಮಕರಾಳನನ್ನು ಬರೆದ ಅಕ್ಕೋರು

ವತ್ಸಲಾ ಅಕ್ಕೋರಿಗೆ ಹಲ್ಲಿ ಕಂಡರೆ ಪ್ರಾಣಭಯ. ಪಾಠದ ನಡುವೆ ಗೋಡೆಯ ಮೇಲೆ ಒಂದು ಹಲ್ಲಿ ಲೊಚಗುಟ್ಟಿದರೂ ಸಾಕು, "ಅಗ ಬಾಯಿ!" ಎಂದು ಮರಾಠಿಯಲ್ಲಿ ಚೀರಿ ಕುರ್ಚಿ ಹತ್ತಿಬಿಡುತ್ತಿದ್ದರು. ಅದು ಸಂದಿಗೆ ಸೇರಿದ ಮೇಲೆ ಇಳಿದು, ಸೆರಗು ಸರಿಮಾಡಿಕೊಂಡು, ಬಿಟ್ಟಲ್ಲಿಂದಲೇ ಸಮಾಸ ಮುಂದುವರಿಸುತ್ತಿದ್ದರು. ನಗುವ ಧೈರ್ಯ ಯಾವ ಹುಡುಗಿಗೂ ಇರಲಿಲ್ಲ.

ಎಂಬತ್ತರ ದಶಕದ ಕೊನೆಗೆ ನಾನು ವಿಜ್ಞಾನ ಕಲಿಸಲು ಅಥಣಿಯ ಆ ಹೈಸ್ಕೂಲಿಗೆ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ತವರು ನಿಪ್ಪಾಣಿ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾವಿಬ್ಬರೂ ಒಂದೇ ಮನೆಯ ಎರಡು ಭಾಗಗಳಲ್ಲಿ ಬಾಡಿಗೆಗಿದ್ದೆವು. ಬಿಳಿ ಸೀರೆ, ಬಾಯಲ್ಲಿ ಸದಾ ಒಂದು ಲವಂಗ, ಮೆಲುದನಿ. ನಾನು ಹೊಸ ಊರಲ್ಲಿ ಒಬ್ಬಳೇ ಇರಲು ಅಂಜಿದಾಗ ಅವರು ಹೇಳಿದ್ದು ಇನ್ನೂ ನೆನಪಿದೆ: "ಹೆದರಿಕಿಗೆ ಒಂದ ಹೊತ್ತ ಊಟಕ್ಕ ಹಾಕಿದ್ರ ಮುಗೀತ ನೋಡವಾ, ಮನೀ ಬಿಟ್ಟ ಹೋಗೂದs ಇಲ್ಲ."

ಒಂದು ಸಂಜೆ ಹೆಪ್ಪಿಗೆ ಮೊಸರು ಕೇಳಲು ಅವರ ಬಾಗಿಲಿಗೆ ಹೋದೆ. ಒಳಗಿನಿಂದ ಗಂಡಸಿನ ಗೊಗ್ಗರು ದನಿ ಕೇಳಿತು: "ನನ್ನ ನೀರು ಮುಟ್ಟಿದ ಹೆಣ್ಣು ನನ್ನವಳು! ಯಾರಿಗೂ ಕೊಡೆನು!" ಸಂದಿಯಲ್ಲಿ ಇಣುಕಿದೆ. ಒಳಗೆ ಅಕ್ಕೋರು ಒಬ್ಬರೇ! ಕೂದಲು ಬಿಚ್ಚಿತ್ತು, ಕಣ್ಣು ಕೆಂಪಾಗಿತ್ತು. ನನ್ನ ಕೈಯ ಬಟ್ಟಲು ನೆಲಕ್ಕೆ ಬಿತ್ತು. ಸದ್ದಿಗೆ ಬಾಗಿಲು ತೆರೆದವರು ನನಗಿಂತ ಹೆಚ್ಚು ಗಾಬರಿಯಾಗಿದ್ದರು.

"ಅಂಜಬ್ಯಾಡ ಶೈಲಾ, ನನಗೇನೂ ಬಡದಿಲ್ಲ. ಕಾದಂಬರಿ ಬರ್ಯಾಕತ್ತೀನಿ. ಬರಿಯೂದಕ್ಕ ಮೊದಲ ಬಾಯಿಲೆ ಅಂದ ನೋಡಬೇಕವಾ, ಇಲ್ಲಂದ್ರ ದೆವ್ವ ಪಂಡಿತರಂಗ ಮಾತಾಡ್ತೈತಿ."

ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ದಾರಕ್ಕೆ ನೇತು ಹಾಕುತ್ತಿದ್ದ, ತಲೆಬುರುಡೆಯ ಮುಖಪುಟದ ಕಾದಂಬರಿಗಳನ್ನು ಬರೆಯುವ 'ಭೈರವಕುಮಾರ' ನಮ್ಮ ವ್ಯಾಕರಣದ ಅಕ್ಕೋರೇ ಎಂದು ನನಗೆ ತಿಳಿದದ್ದು ಆಗಲೇ. ಮಿರಜಿನ ರದ್ದಿ ಅಂಗಡಿಯಲ್ಲಿ ಅವರಿಗೊಂದು ಹಳೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ವಿಲಾಯತಿ ಮಾಂತ್ರಿಕರು ಕರೆಯುತ್ತಿದ್ದ ಭೂತಗಳ ವರ್ಣನೆ ಅದರಲ್ಲಿತ್ತು. ಮೊಸಳೆಯ ಮೇಲೆ ಕೂತು, ಮುಂಗೈಯಲ್ಲಿ ಗಿಡುಗ ಹಿಡಿದ ಒಬ್ಬ ಮುದುಕನನ್ನು ಆರಿಸಿ, ಮಕರಾಳ ಎಂದು ಹೆಸರಿಟ್ಟು, ನಮ್ಮ ಕೃಷ್ಣೆಗೆ ತಂದು ಬಿಟ್ಟಿದ್ದರು.

"ಹೊಳ್ಯಾಗ ಮೊಸಳಿ ಮೊದಲs ಅದಾವು. ಅವನ ಗಾಡೀ ಚಿಂತಿ ತಪ್ಪಿತು," ಎಂದು ನಕ್ಕರು. "ದಿನಾ ಹಳೆಗನ್ನಡ ಕಲಿಸಿ ನಾಲಿಗಿ ಒಣಗ್ತೈತಿ. ಮನ್ಯಾಗ ಒಂದೀಟ ಚೀರ್ಯಾಡ್ತೀನಿ, ಅಷ್ಟs."

ಆ ಕಾದಂಬರಿ ಬಂದ ಮರುವರ್ಷ, ಹೊಳೆದಂಡೆಯ ಸತ್ತಿ ಎಂಬ ಹಳ್ಳಿಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಸುನಂದಾ ಶಾಲೆ ಬಿಟ್ಟಳು. ಒಂದು ದಿನ ಅವಳ ಅಪ್ಪ ನಮ್ಮ ಸ್ಟಾಫ್ ರೂಮಿಗೆ ಬಂದು ಕೈಮುಗಿದ.

"ಆಕೀ ಹೆಸರ ತಗದಬಿಡ್ರಿ ಅಕ್ಕೋರ. ಹೊಳೀಗೆ ಅರಿವಿ ಒಗ್ಯಾಕ ಹ್ವಾದಾಗ ಮಕರಾಳ ಹೊಕ್ಕಾನ. ಲಗ್ನದ ಮಾತ ತಗದ್ರ ಸಾಕ್ರಿ, 'ನನ್ನ ನೀರ ಮುಟ್ಟಿದ ಹೆಣ್ಣ ನನ್ನಾಕಿ' ಅಂತ ಗಂಡಸರ ದನೀಲೆ ಒದರ್ತೈತಿ. ಬಿಡಿಸಾಂವನ್ನ ಕರಸೀವಿ."

ಅಕ್ಕೋರ ಕೈಯಲ್ಲಿದ್ದ ಚಹಾ ಸೀರೆಯ ಮೇಲೆಲ್ಲ ಚೆಲ್ಲಿತು. ಅದು ಅವರಿಗೆ ತಿಳಿಯಲೇ ಇಲ್ಲ.

ಮಧ್ಯಾಹ್ನದ ಬಸ್ಸಿಗೆ ಅವನ ಜೊತೆಯೇ ಸತ್ತಿಗೆ ಹೋದೆವು. ಅಂಗಳದ ತುಂಬ ಜನ. ಸುನಂದಾಳನ್ನು ಕಂಬಕ್ಕೆ ಕಟ್ಟಿದ್ದರು. ಅವಳ ಎಡ ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಬಲಗೈಗೆಂದು ಸೆಗಣಿ ಕುಳ್ಳಿನ ಕೆಂಡದಲ್ಲಿ ಕುಡುಗೋಲು ಕಾಯುತ್ತಿತ್ತು. ಭೂತ ಬಿಡಿಸುವವನ ಪಕ್ಕದಲ್ಲಿ ಮಣೆಯ ಮೇಲೆ, ಅರಿಸಿನ ಕುಂಕುಮ ಏರಿಸಿ ಇಟ್ಟಿದ್ದು ಅಕ್ಕೋರ ಕಾದಂಬರಿ.

ಕಾದಂಬರಿಯ ಕೊನೆಯಲ್ಲಿ ಮಕರಾಳನನ್ನು ಓಡಿಸುವುದು ಹೀಗೆಯೇ: ಮೊದಲು ಎಡ ಅಂಗೈ, ಆಮೇಲೆ ಬಲ ಅಂಗೈ. ಅಕ್ಕೋರಿಗೆ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಹೊಳೆದ ಉಪಾಯ ಅದು.

ಅವರು ಜನರನ್ನು ಸರಿಸಿಕೊಂಡು ನುಗ್ಗಿದರು. "ನಿಲ್ಲಸೋ! ಈ ಪುಸ್ತಕ ಬರದಾಕಿ ನಾನು. ಎಲ್ಲಾ ಸುಳ್ಳು. ಮಕರಾಳ ಅನ್ನಾಂವ ಇಲ್ಲs ಇಲ್ಲ!"

ಭೂತ ಬಿಡಿಸುವವನು ನಕ್ಕು ಪುಸ್ತಕದ ಹಿಂಬದಿ ತಿರುಗಿಸಿ ತೋರಿಸಿದ. ಪ್ರಕಾಶಕರು ಅಲ್ಲಿ ಯಾವನೋ ಗಡ್ಡದವನ ಚಿತ್ರ ಹಾಕಿದ್ದರು. "ಬರದವ್ರು ಇವ್ರು ನೋಡ್ರಿ. ನಿಮಗ ಗಡ್ಡ ಎಲ್ಲೈತ್ರಿ ಅಕ್ಕೋರ?" ಜನವೂ ನಕ್ಕಿತು. ಅವನು ಕುಡುಗೋಲು ಎತ್ತಿಕೊಂಡ.

ಆಗ ಅಕ್ಕೋರ ಮುಖ ಬದಲಾಯಿತು. ಬಾಗಿಲ ಸಂದಿಯಲ್ಲಿ ನಾನು ಕಂಡಿದ್ದ ಮುಖ. ದನಿಯೂ ಅದೇ.

"ಎರಡನೇ ಭಾಗ ಓದೀಯೇನು?"

"ಎರಡನೇ ಭಾಗ ಎಲ್ಲೈತ್ರಿ?"

"ಬೆಳಗಾವ್ಯಾಗ ಬಂದೈತಿ. ಬಲಗೈ ಸುಟ್ಟಾಂವನ್ನs ಮಕರಾಳ ಹಿಡೀತಾನ. ಹುಡಿಗೀನ್ನ ಬಿಟ್ಟು ಅವನ ಮೈಯಾಗs ಇಳೀತಾನ. ಹೊಳೀ ಕಾಣದ ಊರಿಗೆ ಆಕೀನ್ನ ಒಯ್ದರಷ್ಟs ಬಿಡುಗಡಿ. ಸುಡತೀಯೇನು? ಸುಡು, ನೋಡೋಣು."

ಅವನು ಕುಡುಗೋಲನ್ನು ಮೆಲ್ಲಗೆ ಬೂದಿಯೊಳಗೆ ಇಟ್ಟುಬಿಟ್ಟ. ಹಗ್ಗ ಬಿಚ್ಚಿದವರು ಅಕ್ಕೋರೇ.

ಅಥಣಿ ದವಾಖಾನೆಗೆ ಹೋಗುವ ಬಸ್ಸಿನಲ್ಲಿ ಅವಳ ಅಪ್ಪ ಅವ್ವ ಮುಂದಿನ ಸೀಟಿನಲ್ಲಿದ್ದರು. ನಮ್ಮಿಬ್ಬರ ನಡುವೆ ಕೂತ ಸುನಂದಾ ಪಿಸುಗುಟ್ಟಿದಳು: "ನನಗೇನೂ ಬಡದಿಲ್ರಿ ಅಕ್ಕೋರ. ಸ್ವಾದರಮಾವಗ ಕೊಡಾಕತ್ತಿದ್ರು. ಕಾದಂಬರ್ಯಾಗ ಮಕರಾಳ ಬಂದಾಕೀನ್ನ ಯಾರೂ ಮುಟ್ಟಾಂಗಿಲ್ಲಲ್ರಿ, ಅದಕ್ಕ ಹಂಗ ಮಾಡಿದ್ನಿ."

"ಬಿಡಿಸೂ ರೀತಿ ಓದಿದ್ದಿಲ್ಲೇನವಾ?" ಎಂದು ನಾನು ಕೇಳಿದೆ.

"ನನಗ ಸಿಕ್ಕದ್ರಾಗ ಕೊನೀ ಹಾಳಿ ಹರದಿದ್ದೂರಿ."

ಅಕ್ಕೋರು ಆ ಮಾತಿಗೆ ಕಿಟಕಿಯ ಕಡೆ ಮುಖ ತಿರುಗಿಸಿದವರು ಅಥಣಿ ಬರುವ ತನಕ ಈಚೆ ನೋಡಲಿಲ್ಲ.

ಭೂತ ಬಡಿದ ಹುಡುಗಿ ಬೇಡವೆಂದು ಸೋದರಮಾವ ಹಿಂದೆ ಸರಿದ. ಸುನಂದಾ ಮತ್ತೆ ಶಾಲೆಗೆ ಬಂದಳು. ಎಡಗೈಯ ಬೆರಳು ಮಾತ್ರ ಪೂರ್ತಿ ಬಿಚ್ಚಲಿಲ್ಲ. ಅಕ್ಕೋರು ಬರೆಯುವುದನ್ನು ಬಿಟ್ಟರು. ಪುಸ್ತಕ ನಿಲ್ಲಿಸಿರೆಂದು ಕೇಳಲು ಪ್ರಕಾಶಕರಲ್ಲಿಗೇ ಹೋದರೆ, ಅವರು ಕುಣಿದಾಡುತ್ತ ಎದುರುಗೊಂಡರಂತೆ: "ಎರಡನೇ ಭಾಗ ಎಲ್ರಿ? ಊರೂರಿಂದ ಜನ ಕೇಳಾಕತ್ತಾರ!" ಅಕ್ಕೋರು ಒಲ್ಲೆನೆಂದರು. ವರ್ಷದೊಳಗೆ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ನಿಂತಿದ್ದಾಗ ಆ ಎರಡನೇ ಭಾಗ ದಾರಕ್ಕೆ ನೇತಾಡುತ್ತಿತ್ತು. ಅದೇ ಭೈರವಕುಮಾರ, ಅದೇ ಗಡ್ಡ; ಯಾರು ಬರೆದರೋ! ಅಕ್ಕೋರು ಕೊಂಡು, ನಿಂತಲ್ಲೇ ಕೊನೆಯ ಹಾಳೆಗಳನ್ನು ಓದಿದರು. ಅದರಲ್ಲಿ ಮಕರಾಳನನ್ನು ಬಿಡಿಸಲು ಹುಡುಗಿಯ ನಾಲಿಗೆ ಸುಡುವುದಿತ್ತು. ಕಲ್ಲು ಬೆಂಚಿನ ಮೇಲೆ ಕುಸಿದು ಕೂತವರನ್ನು ಎಬ್ಬಿಸಲು ನನಗೆ ಬಹಳ ಹೊತ್ತು ಬೇಕಾಯಿತು.

ಕೊನೆಯ ಸಲ ಅವರನ್ನು ಕಂಡದ್ದು ನಿಪ್ಪಾಣಿಯಲ್ಲಿ, ತಮ್ಮನ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ಸುನಂದಾ ರಾಯಬಾಗದ ಕಡೆ ಅಂಗನವಾಡಿಗೆ ಸೇರಿದ್ದಾಳೆ ಎಂದು ಹೇಳಿದೆ.

"ಸಣ್ಣ ಕೂಸುಗಳನ್ನ ಎತ್ತಕೊಳ್ಳಾಕ ಬರ್ತೈತೇನು ಆಕೀಗೆ?"

"ಬರ್ತೈತ್ರಿ. ಬಲಗೈಲೆ ಎತ್ತತಾಳ."

ತಮ್ಮ ಎಡಗೈಯ ಬೆರಳು ಮಡಿಚಿ, ಬಿಚ್ಚಿ ನೋಡಿದರು. ಆಮೇಲೆ ಅಂದರು: "ಬದುಕಿನುದ್ದಕ್ಕ ಬರೇ ಸುಳ್ಳ ಬರದೆ ಶೈಲಾ. ಖರೇ ಆದದ್ದು ಆ ಎಡಗೈ ಒಂದs."