ಎಳ್ಳ ಅಮಾವಾಸ್ಯೆಗೆ ಹಳ್ಳದ ನೀರು

ಎಳ್ಳ ಅಮಾವಾಸ್ಯೆಗೆ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಿಂದ ಕಮಲಾಪುರದ ಕಾಕಾನ ಹೊಲಕ್ಕೆ ಹೋಗುವುದನ್ನು ನಾನು ಯಾವ ಕಾರಣಕ್ಕೂ ತಪ್ಪಿಸುವುದಿಲ್ಲ. ಅಂದು ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ, ಶೇಂಗಾ ಹೋಳಿಗೆ ಎಲ್ಲವನ್ನೂ ಒಂದಿಷ್ಟು ಕಲಸಿ, ಬೆಳೆಯ ಮೇಲೆ ಚರಗ ಚೆಲ್ಲಬೇಕು. ಹಿಂದೆಯೇ ನೀರು ಚಿಮುಕಿಸುತ್ತ ನಡೆಯಬೇಕು. ಭೂಮಿತಾಯಿ ಉಂಡ ಮೇಲೆಯೇ ನಮ್ಮ ಊಟ. ಆ ನೀರು ಹೊಲದಂಚಿನ ಹಳ್ಳದ್ದೇ ಆಗಿರಬೇಕು ಎಂಬುದು ಕಾಕಾನ ಹೆಂಡತಿ, ನನ್ನ ಕಾಕುವಿನ ಕಟ್ಟುನಿಟ್ಟು. ಬೆಣ್ಣೆತೊರೆಗೆ ಹೋಗಿ ಸೇರುವ ಹಳ್ಳ ಅದು.

ಕಾಕಾ ಕೆಂಪು ಬಾಳೆ ಬೆಳೆಯುವವರು. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರ ನಡಿಗೆಯೇ ಬೇರೆ. ಅವರಿಗೆ ಬುದ್ಧಿ ಹೇಳುವುದು ಕಷ್ಟ. ಒಂದು ಬೇಸಿಗೆಯಲ್ಲಿ ಹಳ್ಳ ಸ್ವಲ್ಪ ಸೊರಗಿದ್ದೇ ತಡ, ದಂಡೆಯ ಮೇಲೂ ತಮ್ಮ ಗುಡ್ಡದ ಇಳಿಜಾರಿನಲ್ಲೂ ಇದ್ದ ಹೊಂಗೆ, ಬೇವು, ಮುತ್ತಲ ಮರಗಳ ಮೇಲೆ ಅವರ ಕಣ್ಣು ಬಿತ್ತು.

"ಈ ಗಿಡಗೋಳು ನನ್ನ ಬಾಳಿ ನೀರು ಕುಡಿಯಾಕತ್ತಾವ."

"ನೆರಳು ಕಡದ್ರ ನೀರು ಉಳೀತದೇನ್ರೀ?" ಎಂದರು ಕಾಕು.

"ನಿನಗೇನು ತಿಳೀತದ, ಸುಮ್ನಿರು."

ಎಲ್ಲವನ್ನೂ ಕಡಿಸಿದರು. ಆ ಮಳೆಗಾಲ ಹಳ್ಳ ಎಂದೂ ಇಲ್ಲದಷ್ಟು ಜೋರಾಗಿ ಹರಿಯಿತು. ಕಾಕಾ ನನಗೆ ಫೋನು ಮಾಡಿ ಆ ಸದ್ದನ್ನು ಕೇಳಿಸಿದರು. ಗೆದ್ದೆನೆಂಬ ಹುರುಪು ದನಿಯಲ್ಲಿತ್ತು. ದೀಪಾವಳಿ ಮುಗಿಯುವ ಹೊತ್ತಿಗೆ ಹಳ್ಳದಲ್ಲಿ ಬರೀ ಕಲ್ಲು.

ಮಳೆಯೂ ಮೊದಲಿನಂತಿರಲಿಲ್ಲ ಎನ್ನುವುದು ನಿಜ. ಶ್ರಾವಣದಲ್ಲಿ ದಿನಗಟ್ಟಲೆ ಜಿಟಿಜಿಟಿ ಹಿಡಿಯುತ್ತಿದ್ದ ಮಳೆ ಈಗ ಒಂದೇ ಮಧ್ಯಾಹ್ನ ಸುರಿದು ಹೋಗುತ್ತದೆ. ಕಲಬುರಗಿಯ ರಸ್ತೆಯಲ್ಲಿ ಸಂಜೆಗೆ ಮೊಳಕಾಲುದ್ದ ನೀರು, ಮರುದಿನ ಧೂಳು. ಅಂಥ ಮಳೆಯನ್ನು ತಡೆದು ನೆಲಕ್ಕೆ ಇಳಿಸಲು ಬೇರು ಬೇಕು, ಉದುರಿದ ಎಲೆ ಬೇಕು. ಹಾಗೆ ಇಳಿದ ನೀರೇ ಚಳಿಗಾಲದಲ್ಲಿ ಒಸರಿ ಹಳ್ಳವನ್ನು ಸಾಕುವುದು. ಬೋಳು ಗುಡ್ಡದ ಮೇಲೆ ಬಿದ್ದ ನೀರು ಕೆಂಪು ಮಣ್ಣನ್ನೂ ಬಾಚಿಕೊಂಡು ಓಡಿಬಿಟ್ಟಿತ್ತು.

ಆ ಅಮಾವಾಸ್ಯೆಗೆ ನಾನು ಜಾಣತನ ತೋರಿಸಿ ಊರಿಂದ ಫಿಲ್ಟರ್ ನೀರಿನ ಕ್ಯಾನ್ ಒಯ್ದೆ. ಕಾಕು ಅದನ್ನು ಮುಟ್ಟಲಿಲ್ಲ.

"ಇದು ಯಾವ ನೆಲದ ನೀರವ್ವಾ? ಹಳ್ಳ ಹರಿಯೂ ತನಕ ನಾ ಚರಗ ಚೆಲ್ಲಂಗಿಲ್ಲ."

ಸಿಟ್ಟಲ್ಲ, ದುಃಖ. ಮದುವೆಯಾಗಿ ಬಂದ ವರ್ಷದಿಂದ ಅವರು ಮಾಡುತ್ತ ಬಂದ ಕೆಲಸ ಅದು. ಕಾಕಾ ಒಬ್ಬರೇ ಬುಟ್ಟಿ ಹಿಡಿದು ಹೊಲ ಸುತ್ತಿದರು. ಕಾಕು ಬದುವಿನ ಮೇಲೆ ಕೂತುಬಿಟ್ಟರು.

ತಪ್ಪಾಯಿತು ಎಂಬ ಮಾತು ಕಾಕಾನ ಬಾಯಲ್ಲಿ ಇವತ್ತಿಗೂ ಬಂದಿಲ್ಲ. ಆದರೆ ಕಡಿದ ಬುಡಗಳಲ್ಲಿ ಮುತ್ತಲ, ಹೊಂಗೆ ಚಿಗುರಿದಾಗ ಅವಕ್ಕೆ ಮುಳ್ಳು ಬೇಲಿ ಬಿತ್ತು. ಆಡು ಬಿಟ್ಟವರೊಂದಿಗೆ ಜಗಳವೂ ಆಯಿತು. ಇಳಿಜಾರಿಗೆ ಅಡ್ಡಲಾಗಿ ಕಲ್ಲು ಜೋಡಿಸಿದರು, ಬೇವಿನ ಸಸಿ ನೆಟ್ಟರು, ಬಾಳೆಗೆ ಹನಿ ನೀರಾವರಿ ಮಾಡಿದರು. ನನಗೆ ಕೆಣಕದೆ ಇರಲಾಗಲಿಲ್ಲ.

"ಯಾಕ ಕಾಕಾ, ಗಿಡ ನೀರು ಕುಡೀತಾವ ಅಂತಿದ್ರಿ?"

"ಕುಡೀತಾವ. ಆದ್ರ ಮಳಿ ನಿಲ್ಲಿಸಿಕೊಂಡು ಕುಡೀತಾವ," ಎಂದು ಗುರುಗುಟ್ಟಿದರು.

ಮರಗಳು ಆಳೆತ್ತರ ದಾಟಲು ಕೆಲವು ವರ್ಷ ಹಿಡಿಯಿತು. ಅಷ್ಟು ವರ್ಷವೂ ಅಮಾವಾಸ್ಯೆಯಂದು ಕಾಕು ಬದುವಿನ ಮೇಲೆಯೇ ಕೂತರು. ಕಳೆದ ಮಳೆಗಾಲವೂ ಒಮ್ಮೆಲೇ ಸುರಿದು ಓಡಿದ ಮಳೆಯೇ. ಆದರೆ ಹಳ್ಳಕ್ಕೆ ಬಂದ ನೀರಿನ ಕೆಂಪು ಕಡಿಮೆಯಾಗಿತ್ತು.

ಈ ಸಲ ಅಮಾವಾಸ್ಯೆಗೆ ಹೋದಾಗ ಕಲ್ಲುಗಳ ನಡುವೆ ತೆಳ್ಳಗೆ ನೀರು ಹರಿಯುತ್ತಿತ್ತು, ಅಂಗೈ ಮುಳುಗುವಷ್ಟು. ಕಾಕು ಸೆರಗು ಸಿಕ್ಕಿಸಿ ಇಳಿದು, ತಂಬಿಗೆಯನ್ನು ಓರೆ ಮಾಡಿ ಹಿಡಿದು ನಿಧಾನ ತುಂಬಿಕೊಂಡರು. ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲಿ ಬರುವಾಗ ಅವರ ಮುಖ ಬೆವರಿತ್ತು, ನಗುತ್ತಿತ್ತು.

ಊಟಕ್ಕೆ ಕೂರುವ ಮುಂಚೆ ಕಾಕಾ ಕಾಲು ತೊಳೆಯಲೆಂದು ಹಳ್ಳದೊಳಗೆ ನಿಂತರು. ಕಾಕು ದಂಡೆಯಿಂದಲೇ ಕೂಗಿದರು:

"ಏನ್ರೀ, ಅಲ್ಲೇ ಕಾಲು ತೊಳೀತೀರಿ? ಕೆಳಗಿನ ಹೊಲದ ಮಂದಿಗೆ ಹೋಗೂ ನೀರದು. ಮ್ಯಾಲ ಬರ್ರಿ!"

ಇಷ್ಟು ವರ್ಷ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಹಳ್ಳದಿಂದ ಕೆಳಗಿನ ಹೊಲಕ್ಕೆ ಹೋಗುವಂಥದ್ದು ಏನೂ ಇರಲಿಲ್ಲ. ಎಂದೂ ಯಾರ ಮಾತೂ ಕೇಳದ ಕಾಕಾ ಧೋತರ ಎತ್ತಿ ಹಿಡಿದು, ನೀರು ಕಲಕದಂತೆ ಒಂದೊಂದೇ ಕಲ್ಲಿನ ಮೇಲೆ ಕಾಲಿಡುತ್ತ ದಂಡೆಗೆ ಬಂದರು.